ಖಾಲಿ ಬಿಟ್ಟ ಆ ಒಂದು ಕಾಲಂ

ಇವತ್ತು ಬೆಳಿಗ್ಗೆ ನೋಡಿದ ವೀರ್ಯ ಪರೀಕ್ಷೆಯ ರಿಪೋರ್ಟೊಂದು ಇನ್ನೂ ಕಣ್ಣಿಂದ ಹೋಗ್ತಿಲ್ಲ. ಕೌಂಟ್, ಅಂದರೆ ವೀರ್ಯಾಣುಗಳ ಲೆಕ್ಕ, ಒಂದು ಮಿಲಿಲೀಟರಿಗೆ 31 ಮಿಲಿಯನ್. ಮೊಟಿಲಿಟಿ, ಅಂದರೆ ಅವುಗಳ ಚಲನೆ, ಸೊನ್ನೆ, ಅದರ ಕೆಳಗೆ ಕೆಂಪು ಗೆರೆ. "ಸ್ಯಾಂಪಲ್ ತೆಗೆದ ಸಮಯ" ಅನ್ನೋ ಕಾಲಂ ಮಾತ್ರ ಖಾಲಿ.

ವಿಚಾರಿಸಿದರೆ, ಊರು ತೀರ್ಥಹಳ್ಳಿಯಿಂದಾಚೆ. ಬೆಳಿಗ್ಗೆ ಆರೂವರೆಗೆ ಮನೆಯಲ್ಲೇ ತೆಗೆದು, ಡಬ್ಬಿಯನ್ನು ಕವರಿಗೆ ಹಾಕಿ, ಬ್ಯಾಗಿನ ತಳದಲ್ಲಿಟ್ಟು ಬಸ್ ಹತ್ತಿದ್ದಾರೆ. ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗ ಮುಟ್ಟಿ ಲ್ಯಾಬಿಗೆ ಕೊಟ್ಟಾಗ ಒಂಬತ್ತೂಕಾಲು. ಮಳೆಗಾಲದ ಚಳಿ ಬೇರೆ. ಅಂಥ ಸ್ಯಾಂಪಲ್ಲಿನ ಚಲನೆಯ ಅಂಕಿಯನ್ನು ನಂಬೋದು ಹೇಗೆ? ಆ ಸೊನ್ನೆಯನ್ನು ಹಿಡಿದುಕೊಂಡು ಒಂದು ಮನೆಯಲ್ಲಿ ವಾರದಿಂದ ಯಾರಿಗೂ ಊಟ ಸೇರಿಲ್ಲ.

ವೀರ್ಯ ಹೊರಬಂದ ತಕ್ಷಣ ಗಟ್ಟಿಯಾಗಿರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕರಗಿ ನೀರಾಗುತ್ತದೆ. ಕರಗಿದ ಕೂಡಲೇ, ತಪ್ಪಿದರೆ ಒಂದು ಗಂಟೆಯೊಳಗೆ, ಮೊಟಿಲಿಟಿ ನೋಡಲೇಬೇಕು. ಆಮೇಲೆ ದ್ರವ ಒಣಗುತ್ತ, ಪಿಎಚ್ ಬದಲಾಗುತ್ತ, ವೀರ್ಯಾಣುಗಳು ಒಂದೊಂದಾಗಿ ನಿಲ್ಲುತ್ತವೆ. ಅಲ್ಲಿಯವರೆಗೂ ಡಬ್ಬಿ 20ರಿಂದ 37 ಡಿಗ್ರಿ ಒಳಗಿರಬೇಕು. ಮನೆಯಿಂದ ತರಲೇಬೇಕಾದರೆ ಒಳ ಅಂಗಿಯ ಜೇಬಿನಲ್ಲಿ, ಮೈಗೆ ತಾಗಿಸಿಕೊಂಡು ತರಬೇಕು. ಅದೂ ಲ್ಯಾಬು ಹತ್ತಿರ ಇದ್ದವರಿಗೆ.

ಡಬ್ಬಿಯೂ ಲ್ಯಾಬಿನವರೇ ಕೊಟ್ಟ ಅಗಲ ಬಾಯಿಯದ್ದೇ ಆಗಬೇಕು. ತೊಳೆದಿಟ್ಟ ಟಾನಿಕ್ ಬಾಟಲಿ ಬೇಡ. ಸೋಪು, ಕೊಬ್ಬರಿ ಎಣ್ಣೆ, ಎಂಜಲು ಯಾವುದೂ ತಾಗಬಾರದು. ಅಂಗಡಿಯ ಕಾಂಡೋಮಿನಲ್ಲಿ ಹಿಡಿದು ತಂದರೆ ಅದರಲ್ಲಿರುವ ರಾಸಾಯನಿಕವೇ ವೀರ್ಯಾಣುವನ್ನು ಕೊಲ್ಲುತ್ತದೆ. ಮೊದಲ ಹನಿ ಚೆಲ್ಲಿತಾ? ಮುಚ್ಚಿಡದೆ ಹೇಳಿ. ಹೆಚ್ಚಿನ ವೀರ್ಯಾಣು ಇರೋದೇ ಆ ಮೊದಲ ಭಾಗದಲ್ಲಿ, ಅದು ಹೋದರೆ ಕೌಂಟು ಸುಳ್ಳಾಗುತ್ತದೆ.

ಇನ್ನು ಲ್ಯಾಬಿನವರ ಪಾಲು. ಮೊಟಿಲಿಟಿ ಸೊನ್ನೆ ಬಂದಾಗ ಅಲ್ಲಿಗೇ ಸಹಿ ಹಾಕುವಂತಿಲ್ಲ. ಇಯೋಸಿನ್ ಬಣ್ಣ ಹಾಕಿ ನೋಡಬೇಕು. ಸತ್ತ ವೀರ್ಯಾಣುವಿನ ತಲೆ ಬಣ್ಣ ಹೀರಿ ಗುಲಾಬಿ ಆಗುತ್ತದೆ, ಜೀವಂತ ಇದ್ದದ್ದು ಬಿಳಿಯಾಗೇ ಉಳಿಯುತ್ತದೆ. ಎಲ್ಲಾ ಸತ್ತಿರುವುದು ಬೇರೆ, ಜೀವ ಇದ್ದೂ ಬಾಲ ಆಡದಿರುವುದು ಬೇರೆ. ಚಿಕಿತ್ಸೆಯ ದಾರಿಯೂ ಬೇರೆ. ಹಾಗೇ, ವೀರ್ಯಾಣು ಕಾಣಲಿಲ್ಲ ಅಂತ "ನಿಲ್" ಬರೆಯುವ ಮುಂಚೆ ಸ್ಯಾಂಪಲ್ಲನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳದ ಗಸಿಯನ್ನು ಹುಡುಕಬೇಕು. ಈ ರಿಪೋರ್ಟಿನಲ್ಲಿ ಬಣ್ಣದ ಪರೀಕ್ಷೆಯ ಸುದ್ದಿಯೇ ಇಲ್ಲ. ಸಮಯವೂ ಇಲ್ಲ. ಹಿಂದಿನ ಸಲ ವೀರ್ಯ ಹೊರಹೋದಮೇಲೆ ಎಷ್ಟು ದಿನದ ಬಿಡುವು ಅಂತಲೂ ಇಲ್ಲ. ಎರಡು ದಿನಕ್ಕೆ ಕಡಿಮೆ ಇರಬಾರದು, ಏಳು ದಿನ ಮೀರಬಾರದು.

ಜ್ವರದ ವಿಷಯವನ್ನಂತೂ ಯಾರೂ ಕೇಳೋದೇ ಇಲ್ಲ. ಡೆಂಗಿ, ಟೈಫಾಯಿಡ್, ಮಂಗನ ಕಾಯಿಲೆ ಎಲ್ಲವನ್ನೂ ಕಂಡ ಸೀಮೆ ನಮ್ಮದು. ವೃಷಣಕ್ಕೆ ಮೈಯ ಬಿಸಿಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ಒಂದು ವೀರ್ಯಾಣು ತಯಾರಾಗೋದಕ್ಕೆ ಸುಮಾರು 74 ದಿನ, ವೃಷಣದ ಮೇಲಿರುವ ಸುರುಳಿ ನಾಳದಲ್ಲಿ ಬಲಿತು ಹೊರಬರೋದಕ್ಕೆ ಮತ್ತಷ್ಟು ದಿನ. ಆಷಾಢದಲ್ಲಿ ಜೋರು ಜ್ವರ ಬಂದು ಮಲಗಿದ್ದವರು ಭಾದ್ರಪದದಲ್ಲಿ ಪರೀಕ್ಷೆ ಮಾಡಿಸಿದರೆ ಆ ರಿಪೋರ್ಟಿನಲ್ಲಿ ಕಾಣೋದು ಜ್ವರದ ಏಟು. ಮೂರು ತಿಂಗಳು ಬಿಟ್ಟು ಮತ್ತೆ ನೋಡಬೇಕು.

ಅಂಕಿಗೂ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ ಮಿಲಿಲೀಟರಿಗೆ 16 ಮಿಲಿಯನ್, ಮೊಟಿಲಿಟಿ ಶೇ. 42 ಅಂತಿದೆ. ವರ್ಷದೊಳಗೆ ಹೆಂಡತಿ ಬಸುರಾದ ಗಂಡಸರನ್ನು ಪರೀಕ್ಷಿಸಿದಾಗ ನೂರರಲ್ಲಿ ಐದು ಜನ ಆ ಗೆರೆಗಿಂತ ಕೆಳಗೇ ಇದ್ದರು. ಅವರೂ ಅಪ್ಪಂದಿರೇ.

"ಲ್ಯಾಬಲ್ಲಿ ಕೊಡೋಕೆ ಗಂಡಸರಿಗೆ ನಾಚಿಕೆ ಮಾರಾಯ್ರೇ, ಅದಕ್ಕೇ ಮನೆಯಿಂದ ತರ್ತಾರೆ" ಅಂತೀರಿ. ಒಳಗಿಂದ ಚಿಲಕ ಹಾಕುವ ಒಂದು ಕೋಣೆ, ಕೈ ತೊಳೆಯೋಕೆ ನೀರು, ಹೊರಗಿಂದ ಯಾರೂ ಬಾಗಿಲು ತಟ್ಟದಿರುವುದು, ಇಷ್ಟು ಕೊಡಲಾಗದ ಲ್ಯಾಬು ಈ ಪರೀಕ್ಷೆ ಮಾಡಲೇಬಾರದು. ನಾಚಿಕೆಯ ಬೇರು ಗಂಡಸುತನಕ್ಕೂ ವೀರ್ಯಾಣುವಿಗೂ ಗಂಟು ಹಾಕಿದ್ದರಲ್ಲಿದೆ. ಅವೆರಡು ಬೇರೆ ಬೇರೆ ಅಂತ ತೋರಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಇದ್ದರು, ಎನ್.ಆರ್. ಮೌದ್ಗಲ್. ನಮ್ಮ ತೋಟಕ್ಕೆ ನುಗ್ಗುವ ಇದೇ ಜಾತಿಯ ಮಂಗಗಳಲ್ಲಿ ವೀರ್ಯಾಣು ತಯಾರಿಗೆ ನೆರವಾಗುವ ಎಫ್‌ಎಸ್‌ಎಚ್ ಹಾರ್ಮೋನಿನ ವಿರುದ್ಧ ಲಸಿಕೆ ಕೊಟ್ಟು ನೋಡಿದರು. ವೀರ್ಯಾಣು ಇಳಿಯಿತು, ಗಂಡಸುತನದ ಹಾರ್ಮೋನು ಟೆಸ್ಟೋಸ್ಟೆರಾನ್ ಇದ್ದ ಹಾಗೇ ಇತ್ತು. 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವಯಂಸೇವಕ ಗಂಡಸರ ಮೇಲೂ ಸಣ್ಣ ಪ್ರಮಾಣದಲ್ಲಿ ಪರೀಕ್ಷಿಸಿದ್ದರು. ಮೀಸೆ, ದನಿ, ದಾಂಪತ್ಯ ಎಲ್ಲ ಸರಿಯಿದ್ದೂ ಕೌಂಟು ಕಡಿಮೆ ಇರಬಹುದು. ಹಾಗಂತ "ಶಕ್ತಿಗೆ" ಅಂತ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಮೆದುಳು ಎಫ್‌ಎಸ್‌ಎಚ್, ಮತ್ತು ವೃಷಣಕ್ಕೆ ಟೆಸ್ಟೋಸ್ಟೆರಾನ್ ಮಾಡು ಅಂತ ಹೇಳುವ ಎಲ್‌ಎಚ್ ಹಾರ್ಮೋನು ಕಳಿಸೋದನ್ನೇ ನಿಲ್ಲಿಸುತ್ತದೆ, ಇದ್ದ ಕೌಂಟೂ ಸೊನ್ನೆಗೆ ಬರಬಹುದು.

ಆ ದಂಪತಿಗೆ ಹೇಳಿದ್ದು ಇಷ್ಟೇ. ಮೂರು ದಿನದ ಬಿಡುವು ನೋಡಿಕೊಂಡು, ಹಿಂದಿನ ಸಂಜೆಯೇ ಶಿವಮೊಗ್ಗಕ್ಕೆ ಬಂದು ನೆಂಟರ ಮನೆಯಲ್ಲಿ ಉಳಿಯಿರಿ. ಬೆಳಿಗ್ಗೆ ಲ್ಯಾಬಿನ ಕೋಣೆಯಲ್ಲೇ ಕೊಡಿ. ಡಬ್ಬಿಯ ಮೇಲೆ ಗಂಟೆ, ನಿಮಿಷ ನೀವೇ ಬರೆಯಿರಿ. ಆ ಸಮಯ ರಿಪೋರ್ಟಿನಲ್ಲಿ ಬರದಿದ್ದರೆ ತಗೊಳ್ಳಬೇಡಿ, ಬರೆಸಿಕೊಂಡೇ ಬನ್ನಿ.