ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು

ನಾವೆಲ್ಲ ಇಲ್ಲಿ ಕಾಮೆಂಟ್ ಹಾಕುತ್ತಿರುವ ಲೇಖನ ಇರುವುದು ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ಸಿ. ಡಿಫ್ (ಕರುಳಿಗೆ ತಗುಲಿ ತೀವ್ರ ಭೇದಿ ತರುವ ಬ್ಯಾಕ್ಟೀರಿಯಾ) ಸೋಂಕಿನ ಲೆಕ್ಕ ಇಡುವ ಬಗ್ಗೆ. ಇಲ್ಲಿ ಕೆಲವರು ನಮ್ಮೂರ ನರ್ಸಿಂಗ್ ಹೋಮ್ ಬಿಲ್ಲಿನ ಜಗಳ ತೆಗೆದಿದ್ದಾರೆ! ಅಲ್ಲಿ ಆ ಹೆಸರಿನಿಂದ ಕರೆಯುವುದು ಹೆರಿಗೆ, ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆಯನ್ನಲ್ಲ. ಹೆಚ್ಚಾಗಿ ವಯಸ್ಸಾದವರು ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರುವ ಆರೈಕೆ ಕೇಂದ್ರವನ್ನು.

ಕೈ ತೊಳೆಯುವ ವಿಷಯವನ್ನು ಲೇಖಕರು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿ ಕಾಣಲಿಲ್ಲ. ಈ ಬ್ಯಾಕ್ಟೀರಿಯಾ ಬೀಜಕಗಳಾಗಿ (ಸ್ಪೋರ್, ಅಂದರೆ ಗಟ್ಟಿ ಹೊದಿಕೆಯ ಸುಪ್ತ ರೂಪ) ಮಂಚದ ಕಂಬಿ, ಕಮೋಡ್, ಬಾಗಿಲ ಹಿಡಿಗಳ ಮೇಲೆ ತಿಂಗಳುಗಟ್ಟಲೆ ಉಳಿಯಬಲ್ಲದು. ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಬೀಜಕ ಸಾಯುವುದಿಲ್ಲ. ಸೋಪು ಹಚ್ಚಿ ಉಜ್ಜಿ ನೀರಿನಲ್ಲಿ ತೊಳೆದುಹಾಕಬೇಕು, ಕೋಣೆಗೆ ಬ್ಲೀಚ್ ಬೇಕು. ಕೋವಿಡ್ ನಂತರ ಬಾಟಲಿ ಒತ್ತಿದರೆ ಕೈ ಶುದ್ಧ ಅಂತ ನಂಬಿಕೊಂಡಿದ್ದೇವಲ್ಲ, ಇಲ್ಲಿ ಅದು ನಡೆಯುವುದಿಲ್ಲ.

ಈ ಸೋಂಕಿಗೆ ಇನ್ನೊಂದು ಮೂಲ ಆ್ಯಂಟಿಬಯಾಟಿಕ್. ಅಜ್ಜಿಗೆ ಜ್ವರವಿಲ್ಲ, ಉರಿಯಿಲ್ಲ, ಆದರೂ ಮೂತ್ರ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಮಾತ್ರೆ ಶುರು. ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತ ಮೇಲೆ ಸಿ. ಡಿಫ್‌ಗೆ ಜಾಗ ಖಾಲಿ! 2017ರ ನವೆಂಬರ್‌ನಿಂದ ಆ್ಯಂಟಿಬಯಾಟಿಕ್ ಬಳಕೆಯ ಮೇಲೆ ನಿಗಾ ಇಡುವ ವ್ಯವಸ್ಥೆಯನ್ನು ಅಲ್ಲಿ ಕಡ್ಡಾಯ ಮಾಡಿದ್ದು ಅದಕ್ಕೇ.

'ಅಂಕಿ ಅಂಶವೆಲ್ಲ ಕಣ್ಕಟ್ಟು' ಎಂದು ಮೇಲೆ ಬರೆದವರಿಗೆ: ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ಪದ್ಧತಿಯಲ್ಲಿ, ಕೇಂದ್ರಕ್ಕೆ ದಾಖಲಾದ ಮೂರು ದಿನದೊಳಗೆ ತೆಗೆದ ಮಲದ ಮಾದರಿ ಪಾಸಿಟಿವ್ ಬಂದರೆ ಅದು ಹೊರಗಿನಿಂದ ಬಂದದ್ದು, ನಾಲ್ಕನೇ ದಿನದಿಂದಾಚೆಯದು ಕೇಂದ್ರದ ಲೆಕ್ಕಕ್ಕೆ. ಆಸ್ಪತ್ರೆಯಿಂದ ಬಂದು ನಾಲ್ಕು ವಾರ ಆಗಿರದಿದ್ದರೆ ಅದನ್ನೂ ಬೇರೆಯಾಗಿ ಗುರುತಿಸುತ್ತಾರೆ. ಇಷ್ಟು ಜಾಗ್ರತೆಯಿಂದ ಎಣಿಸುವುದನ್ನು ಕಣ್ಕಟ್ಟು ಅನ್ನಲು ನನಗಂತೂ ಮನಸ್ಸಾಗದು.