2.75 ಅನ್ನು 2 ಮಾಡಿದ್ದು ನನ್ನ ಕೋಡ್ ಅಲ್ಲ

"ಒಂದು ನಂಬರ್ ಓದೋಕೂ ಬರಲ್ವಾ ನಿಮಗೆ?" ಅಂತ ಮೀಟಿಂಗ್‌ನಲ್ಲಿ ಒಬ್ಬರು ಅಂದರು. ಎಲ್ಲರ ಮುಂದೆ. ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ನಮ್ಮ ಪ್ರೋಗ್ರಾಂ ಬೇರೊಂದು ಮಷೀನ್‌ನಲ್ಲಿ ಓಡ್ತಾ ಇತ್ತು, ಅದರ ಸ್ಕ್ರೀನ್ ಶೇರ್ ಆಗಿತ್ತು. ಫೈಲಿನಲ್ಲಿ 2.75 ಇದೆ, ಲಾಗ್‌ನಲ್ಲಿ 2 ಬರ್ತಾ ಇದೆ. "ಮತ್ತೆ ರನ್ ಮಾಡಿ" ಅಂದರು, ಮಾಡಿದೆ, ಮತ್ತೆ 2. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನನ್ನ ಮಷೀನ್‌ನಲ್ಲಿ ಸರಿಯಾಗಿ ಬರುತ್ತೆ ಅಂದೆ. "ಎಲ್ಲರೂ ಹೀಗೇ ಹೇಳ್ತಾರೆ" ಅಂತ ಯಾರೋ ನಕ್ಕರು. ಇನ್ನು ಏನು ಹೇಳಲಿ? ಸುಮ್ನೆ ಕೂತೆ.

ಮೀಟಿಂಗ್ ಮುಗಿದ ಮೇಲೆ ಡೀಬಗರ್ ಹಾಕಿದರೆ ಗೊತ್ತಾಯಿತು. ನಾವು ಲೋಡ್ ಮಾಡುವ ಒಂದು ಪ್ಲಗಿನ್ (ಬೇರೆಯವರು ಬರೆದ ಹೆಚ್ಚುವರಿ ಕೋಡ್), ಯಾರನ್ನೂ ಕೇಳದೆ, ಲೊಕೇಲ್ ಅಂದರೆ ಭಾಷೆ-ದೇಶದ ಸೆಟ್ಟಿಂಗ್ ಬದಲಿಸುವ ಸೆಟ್‌ಲೊಕೇಲ್ ಫಂಕ್ಷನ್‌ಗೆ ಎಲ್‌ಸಿ_ಆಲ್ ಮತ್ತು ಖಾಲಿ ಸ್ಟ್ರಿಂಗ್ ಕೊಟ್ಟು ಕರೆಯುತ್ತದೆ, ಅಂದರೆ ಎಲ್ಲವನ್ನೂ ಮಷೀನ್‌ನ ಸೆಟ್ಟಿಂಗ್‌ಗೆ ಬದಲಿಸು ಅಂತ. ಸಿ ಭಾಷೆಯ ಪ್ರೋಗ್ರಾಂ ಶುರುವಾಗೋದು "ಸಿ" ಲೊಕೇಲ್‌ನಲ್ಲಿ, ಅಲ್ಲಿ ದಶಮಾಂಶಕ್ಕೆ ಚುಕ್ಕೆ. ಆ ಒಂದು ಕಾಲ್ ಆದ ಮೇಲೆ ಇಡೀ ಪ್ರೋಸೆಸ್ಸೇ ಆ ಮಷೀನ್‌ನ ಜರ್ಮನ್ ಲೊಕೇಲ್‌ಗೆ ಹೋಯಿತು, ಅಲ್ಲಿ ಅಲ್ಪವಿರಾಮ. ಅಕ್ಷರಗಳನ್ನು ನಂಬರ್ ಮಾಡುವ ಸ್ಟ್ರ್‌ಟೂಡಿ ಫಂಕ್ಷನ್ ಚುಕ್ಕೆ ಕಂಡ ಕೂಡಲೇ ನಿಂತು 2 ಅಂತ ಕೊಟ್ಟುಬಿಟ್ಟಿತು. ಒಂದು ಪ್ಲಗಿನ್‌ಗೆ ನನ್ನ ಇಡೀ ಪ್ರೋಗ್ರಾಂನ ಸೆಟ್ಟಿಂಗ್ ಬದಲಿಸುವ ಹಕ್ಕು ಕೊಟ್ಟವರು ಯಾರು?

ಹೋಗಲಿ ಬಿಡಿ, ಸಿ ಇರೋದೇ ಹೀಗೆ, 1989ರ ಸ್ಟ್ಯಾಂಡರ್ಡ್‌ನಿಂದಲೂ ಹೀಗೇ ಇದೆ, ಅದನ್ನು ಈಗ ಯಾರು ಬದಲಿಸುತ್ತಾರೆ.

ಆದರೆ ಹೇಗೆ ಬಿಡೋದು! "ಸೆಟ್‌ಲೊಕೇಲ್ ಕರೆಯಲೇಬೇಡಿ" ಅಂತ ಸಲಹೆ ಕೊಡುವವರಿಗೆ ಕೇಳುತ್ತೇನೆ. ಕರೆಯದಿದ್ದರೆ ಗ್ಲಿಬ್‌ಸಿಯಲ್ಲಿ (ಲಿನಕ್ಸ್‌ನ ಸಿ ಲೈಬ್ರರಿ) ಕನ್ನಡದ ಹೆಸರೊಂದನ್ನು, ಬೈಟ್‌ಗಳನ್ನು ಅಕ್ಷರ ಮಾಡುವ ಎಂಬಿಎಸ್‌ಟೂಡಬ್ಲ್ಯುಸಿಎಸ್‌ಗೆ ಕೊಟ್ಟು ನೋಡಿ, ಅಕ್ಷರ ಸರಿಯಾಗಿ ಬರಲ್ಲ. ಅಂದರೆ ಅಕ್ಷರ ಸರಿಯಾಗಬೇಕಾದರೆ ನಂಬರ್ ಕೆಡಬೇಕಾ? ಅಕ್ಷರದ ಸೆಟ್ಟಿಂಗ್ ಎಲ್‌ಸಿ_ಸಿಟೈಪ್ ಒಂದನ್ನೇ ಬದಲಿಸಿ ನಂಬರ್‌ನ ಸೆಟ್ಟಿಂಗ್ ಎಲ್‌ಸಿ_ನ್ಯೂಮರಿಕ್ ಮುಟ್ಟದೆ ಇದ್ದಿದ್ದರೆ ಸಾಕಿತ್ತು ಅಲ್ವಾ? ಅಷ್ಟೂ ಯೋಚಿಸಲಿಲ್ಲ ಆ ಪ್ಲಗಿನ್ ಬರೆದವರು.

ಪ್ಲಗಿನ್ ಲೋಡ್ ಆದ ಮೇಲೆ ನ್ಯೂಮರಿಕ್ ಅನ್ನು ವಾಪಸ್ "ಸಿ"ಗೆ ತರಬಹುದು, ನಿಜ. ಆದರೆ ಅದು ಮತ್ತೆ ಯಾವಾಗ ಬದಲಿಸುತ್ತೋ ಯಾರಿಗೆ ಗೊತ್ತು? ನಮ್ಮದರಲ್ಲಿ ಥ್ರೆಡ್‌ಗಳು (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ನಡೆಯುವ ಕೆಲಸಗಳು) ಬೇರೆ ಇವೆ, ಒಂದು ಥ್ರೆಡ್ ನಂಬರ್ ಓದುತ್ತಿರುವಾಗ ಇನ್ನೊಂದು ಸೆಟ್‌ಲೊಕೇಲ್ ಕರೆದರೆ ಗತಿ ಏನು? ಯೂಸ್‌ಲೊಕೇಲ್ ಅನ್ನೋ ಫಂಕ್ಷನ್ ಹಾಕಿದರೆ ಆ ಥ್ರೆಡ್ ಮಟ್ಟಿಗೆ ಮಾತ್ರ ಲೊಕೇಲ್ ಬದಲಾಗುತ್ತೆ, ಯುನಿಕ್ಸ್ ಮಾದರಿ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್ ಆದ ಪಾಸಿಕ್ಸ್‌ನಲ್ಲಿ 2008ರಿಂದಲೇ ಇದೆ. ಈಗ ನಂಬರ್ ಓದುವ ಪ್ರತಿ ಜಾಗದಲ್ಲೂ ಅದನ್ನು ಹಾಕುತ್ತಾ ಕೂತಿದ್ದೇನೆ. ಬೇರೆಯವರು ಮಾಡಿದ್ದಕ್ಕೆ, ನಾನು.

ಕಾರಣ ಬರೆದು ಗ್ರೂಪಿಗೆ ಕಳಿಸಿದೆ. ಎಲ್ಲರೂ ನೋಡಿದ್ದಾರೆ, ಒಬ್ಬರೂ ಉತ್ತರ ಕೊಟ್ಟಿಲ್ಲ. ಅಷ್ಟು ಜನರ ಮುಂದೆ ನನ್ನನ್ನು ಕೇಳಿದವರು "ಹೌದು, ತಪ್ಪು ನಿಮ್ಮದಲ್ಲ" ಅಂತ ಅಷ್ಟೇ ಜನರ ಮುಂದೆ ಯಾಕೆ ಹೇಳಬಾರದು? ಯಾರಾದರೂ ಹೇಳಿ.