ಊರಲ್ಲಿ ಬೆಕ್ಕಿಗೆ, ಇಲ್ಲಿ ನನ್ನ ತಟ್ಟೆಗೆ

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಮೆಟ್ಟುಕತ್ತಿ ಇಟ್ಟು ಕೂತರೆ ಬೆಕ್ಕು ಆಗಲೇ ಹಾಜರ್. ಬಂಗುಡೆಯ ಕಿವಿರು, ಕರುಳು, ಲಿವರ್ ಎಲ್ಲ ಒಂದೇ ಎಳೆತಕ್ಕೆ ಹೊರಗೆ. "ಪಿತ್ತ ಒಡೆದ್ರೆ ಮೀನೆಲ್ಲ ಕಹಿ ಮಾರಾಯ" ಅನ್ನುತ್ತಿದ್ದರು. ಮೀನಿನ ಲಿವರನ್ನು ಮನುಷ್ಯರೂ ತಿನ್ನುತ್ತಾರೆ ಅಂತ ಗೊತ್ತಾಗಿದ್ದು ನಾರ್ವೆಯ ಟ್ರೊಮ್ಸೊಗೆ ಬಂದ ಮೇಲೆ.

ಜನವರಿಯಿಂದ ಏಪ್ರಿಲ್‌ವರೆಗೆ ಉತ್ತರದ ಬ್ಯಾರೆಂಟ್ಸ್ ಸಮುದ್ರದ ಕಾಡ್ (cod) ಅನ್ನುವ ದೊಡ್ಡ ಮೀನು ಮೊಟ್ಟೆ ಇಡಲು ಈ ಕರಾವಳಿಗೆ ಬರುತ್ತದೆ. ಆಗ ಇಲ್ಲಿನ ಮನೆಗಳಲ್ಲಿ ಮೋಲ್ಯೆ. ಮೀನು, ಅದರ ಮೊಟ್ಟೆ, ಅದರ ಲಿವರ್ ಮೂರನ್ನೂ ಬೇಯಿಸಿ ಆಲೂಗಡ್ಡೆ ಜೊತೆ ತಿನ್ನುವುದು. ಲಿವರ್ ತಿಳಿ ಕೆನೆ ಬಣ್ಣದ್ದು, ಬೆಣ್ಣೆಯಷ್ಟು ಮೆತ್ತಗೆ. ಮೇಲಿನ ಪೊರೆ ಸುಲಿದು, ಸ್ವಲ್ಪ ನೀರು, ಈರುಳ್ಳಿ, ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಇಡುತ್ತಾರೆ. ಬರಬರುತ್ತ ಪಾತ್ರೆ ತುಂಬ ಹೊಂಬಣ್ಣದ ಎಣ್ಣೆ. ಅದನ್ನು ಆಲೂಗಡ್ಡೆ ಮೇಲೆ ಸುರಿದುಕೊಂಡು ತಿನ್ನಬೇಕು. ನಾವು ಗಂಜಿಗೆ ತುಪ್ಪ ಹಾಕಿದ ಹಾಗೆ. ಮೊದಲ ಸಲ ಮೂರು ತುತ್ತಿಗೇ ಸಾಕಾಯ್ತು!

ಇವರಿಗೆ ಇದು ಬರೀ ರುಚಿಯ ಮಾತಲ್ಲ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಚರ್ಮಕ್ಕೆ ಬಿಸಿಲು ಬೀಳದಿದ್ದರೆ ವಿಟಮಿನ್ ಡಿ ಎಲ್ಲಿಂದ ಬರಬೇಕು? ಲಿವರಿನಿಂದ. ಅದಕ್ಕೇ ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗೆ, ಅಂದರೆ ಹೆಸರಲ್ಲಿ 'ರ್' ಇರುವ ತಿಂಗಳುಗಳಲ್ಲಿ, ದಿನಕ್ಕೊಂದು ಚಮಚ ಕಾಡ್ ಲಿವರ್ ಎಣ್ಣೆ ಕುಡಿಯುವ ರೂಢಿ. ಇವರು ಅದಕ್ಕೆ ಟ್ರಾನ್ ಅನ್ನುತ್ತಾರೆ.

ಇದನ್ನು ಊರಿಗೆ ಫೋನ್ ಮಾಡಿ ಹೇಳಿದ್ದೇ ತಪ್ಪಾಯ್ತು. ಚಿಕ್ಕಪ್ಪ "ನಾವು ಇಷ್ಟು ವರ್ಷ ಸತ್ವ ಎಲ್ಲ ಬೆಕ್ಕಿಗೆ ಹಾಕಿದ್ದಾ?" ಅಂತ ಶುರು ಮಾಡಿದರು. ನನಗೇನೋ ಹಾಗೆ ಅನ್ನಿಸುವುದಿಲ್ಲ. ಕಾಡ್ ತನ್ನ ಕೊಬ್ಬನ್ನೆಲ್ಲ ಲಿವರಿನಲ್ಲಿ ಕೂಡಿಡುತ್ತದೆ. ಅದರ ಮಾಂಸದಲ್ಲಿ ನೂರಕ್ಕೆ ಒಂದು ಪಾಲೂ ಕೊಬ್ಬಿಲ್ಲ, ಒಣ ಒಣ. ನಮ್ಮ ಬೂತಾಯಿ, ಬಂಗುಡೆ ಹಾಗಲ್ಲ. ಕೊಬ್ಬು ಮಾಂಸದಲ್ಲೇ ಇದೆ, ಒಮೆಗಾ ೩ ಅನ್ನುವ ಒಳ್ಳೆಯ ಕೊಬ್ಬು ಕೂಡ ಅದರಲ್ಲೇ. ಬೂತಾಯಿ ಪುಳಿಮುಂಚಿ ಸಾರಿನ ಮೇಲೆ ತೇಲುವ ಎಣ್ಣೆ ನೋಡಿಲ್ವಾ? ಅಷ್ಟು ಸಣ್ಣ ಮೀನಿನ ಕರುಳಲ್ಲಿ ಕೈಯಾಡಿಸಿ ಲಿವರ್ ಹುಡುಕುವುದು ಸುಮ್ನೆ ಕೆಲಸ. ಅಮ್ಮ ಮಾಡಿದ್ದು ಸರಿಯೇ ಇತ್ತು.

ಇನ್ನೊಂದು ವಿಷಯ. ಹೆಂಡತಿ ಬಸುರಿಯಾಗಿದ್ದಾಗ ಇಲ್ಲಿನ ನರ್ಸ್ "ಟ್ರಾನ್ ಕುಡಿಯಿರಿ, ಲಿವರ್ ಮಾತ್ರ ಬೇಡ" ಅಂದರು. ಲಿವರಿನಲ್ಲಿ ವಿಟಮಿನ್ ಎ ತುಂಬಾ ಜಾಸ್ತಿ, ಸಮುದ್ರದ ವಿಷವೂ ಅಲ್ಲೇ ಸೇರಿಕೊಳ್ಳುತ್ತದೆ. ಬಾಟಲಿಯ ಎಣ್ಣೆಯನ್ನು ಶುದ್ಧ ಮಾಡಿರುತ್ತಾರೆ. ಮಕ್ಕಳಿಗೂ ಲಿವರ್ ಕೊಡಬೇಡಿ ಅಂತ ಸರ್ಕಾರವೇ ಹೇಳುತ್ತದೆ. 'ಸೂಪರ್ ಫುಡ್' ಅಂತ ವಾಟ್ಸಾಪ್‌ನಲ್ಲಿ ಕಳಿಸುವವರು ಈ ಭಾಗ ಕಳಿಸುವುದೇ ಇಲ್ಲ.

ಚಳಿಗಾಲದಲ್ಲಿ ಒಂದೆರಡು ಸಲ ನಾನೂ ಈಗ ಮೋಲ್ಯೆ ಮಾಡುತ್ತೇನೆ. ಕಾಳುಮೆಣಸು ಮಾತ್ರ ಇಲ್ಲಿಯವರಿಗಿಂತ ಮೂರು ಪಟ್ಟು.